ಮೊಲದ ನುಸಿ, ಪಿಂಪ್ರಿಯ ಮಣ್ಣು



ದತ್ತಿ ಉಪನ್ಯಾಸವೆಂದರೆ ವಚನ, ಕೀರ್ತನೆ, ಕಾದಂಬರಿ, ಏಕೀಕರಣ ಚಳವಳಿ ಎಂದು ನಾವೆಲ್ಲ ಒಗ್ಗಿಹೋಗಿದ್ದೇವೆ. ಆಮಂತ್ರಣದಲ್ಲಿ ‘ಸಾಕುಮೊಲದ ಕಜ್ಜಿ’ ಎಂದು ಓದಿದ ಕೆಲವರು ಅಚ್ಚಿನ ದೋಷವಿರಬೇಕು ಅಂದುಕೊಂಡರಂತೆ. ದೋಷವಲ್ಲ. ವಿಜ್ಞಾನದ ಒಂದು ವಿಷಯವನ್ನು ಕನ್ನಡದಲ್ಲೇ ಹೇಳಿ ಎಂದು ನನ್ನನ್ನು ಕರೆದರು; ನಾನು ಪಶುವೈದ್ಯ; ಊರು ಪುಣೆ. ಈ ಮೂರೂ ಕೂಡಿದಾಗ ನನಗೆ ಮೊದಲು ನೆನಪಾದದ್ದು ಮೊಲದ ಕಿವಿ.

ಕಾರಣವಿದೆ. ಪುಣೆಯ ವಾಡೆಗಳು ಹೋಗಿ ಫ್ಲ್ಯಾಟುಗಳು ಬಂದಮೇಲೆ ಮನೆಯೊಳಗಿನ ಪ್ರಾಣಿಯೂ ಬದಲಾಯಿತು. ನಾಯಿ ಸಾಕಿದರೆ ಸೊಸೈಟಿಯವರ ತಕರಾರು, ಬೆಳಿಗ್ಗೆ ಸಂಜೆ ತಿರುಗಾಡಿಸುವ ತಾಪತ್ರಯ. ಬೆಕ್ಕೆಂದರೆ ಮನೆಯ ಹಿರಿಯರಿಗೆ ಆಗದು. ಮೊಲ ಬೊಗಳುವುದಿಲ್ಲ, ಶುದ್ಧ ಸಸ್ಯಾಹಾರಿ, ಬಾಲ್ಕನಿಯ ಮೂಲೆಯ ಪಂಜರದಲ್ಲಿ ತಾನಾಯಿತು ತನ್ನ ಸೊಪ್ಪಾಯಿತು ಎಂದು ಕುಳಿತಿರುತ್ತದೆ. ಮಗುವಿನ ಹುಟ್ಟುಹಬ್ಬಕ್ಕೆ ಕೊತ್ರೂಡಿನಲ್ಲೋ ಹಡಪ್ಸರಿನಲ್ಲೋ ಒಂದು ಜೋಡಿ ಬಿಳಿ ಮೊಲ ಮನೆಗೆ ಬರುತ್ತದೆ. ಕೆಲವು ವಾರಗಳಾಗುವಷ್ಟರಲ್ಲಿ ಒಂದು ಮೊಲ ಪದೇ ಪದೇ ತಲೆ ಕೊಡವುತ್ತದೆ, ಹಿಂಗಾಲಿನಿಂದ ಕಿವಿ ಕೆರೆದುಕೊಳ್ಳುತ್ತದೆ. ಮನೆಯವರಿಗೆ ಅದು ಆಟದಂತೆ ಕಾಣುತ್ತದೆ. ಫೋನಿನಲ್ಲಿ ವಿಡಿಯೊ ತೆಗೆಯುತ್ತಾರೆ. ಆ ವಿಡಿಯೊವನ್ನೇ ರೋಗದ ಚರಿತ್ರೆಯೆಂದು ನನ್ನಂಥವರಿಗೆ ಆಮೇಲೆ ತೋರಿಸುತ್ತಾರೆ.

ನಾನಿಂದು ಹೇಳಬೇಕೆಂದಿರುವ ಮಾತು ಒಂದೇ. ನುಸಿಯಿಂದ ಬರುವ ಮೊಲದ ಕಜ್ಜಿ ಪೂರ್ತಿ ಗುಣವಾಗುವ ಕಾಯಿಲೆ. ಅದಕ್ಕೆ ಬೇಕಾದ ಔಷಧ ಅಗ್ಗ, ಎಲ್ಲ ಪೇಟೆಗಳಲ್ಲೂ ಸಿಗುತ್ತದೆ. ಆದರೂ ಮೊಲಗಳು ಸಾಯುತ್ತವೆ. ನುಸಿ ಕೊಂದ ಮೊಲಗಳಿಗಿಂತ, ತಡವಾಗಿ ನೋಡಿದ್ದರಿಂದ ಮತ್ತು ನಾಯಿಯ ಮದ್ದನ್ನು ಮೊಲಕ್ಕೆ ಮಾಡಿದ್ದರಿಂದ ಸತ್ತ ಮೊಲಗಳನ್ನೇ ನಾನು ಹೆಚ್ಚು ನೋಡಿದ್ದೇನೆ.

ಮೊದಲು ಪ್ರಾಣಿಯ ವಿಷಯ. ನಾಯಿಗಳನ್ನು ಅಟ್ಟಿಸಿಕೊಂಡು ಹೋಗಿ ಹಕ್ಕ ಬುಕ್ಕರಿಗೆ ವಿಜಯನಗರದ ಜಾಗ ತೋರಿಸಿತೆಂದು ಐತಿಹ್ಯ ಹೇಳುವ ಹಂಪಿಯ ಮೊಲ ನಮ್ಮ ಕುರುಚಲು ಕಾಡಿನ ಮೊಲ. ಅದರ ಮರಿ ಹುಟ್ಟುವಾಗಲೇ ಮೈತುಂಬ ಕೂದಲು, ತೆರೆದ ಕಣ್ಣು. ಅದನ್ನು ಹಿಡಿದು ಸಾಕುವುದು ಕಾನೂನಿಗೆ ವಿರುದ್ಧ. ಬಾಲ್ಕನಿಯ ಮೊಲ ಬೇರೆ ಕುಲದ್ದು. ಅದರ ಪೂರ್ವಜರು ಸ್ಪೇನ್, ಪೋರ್ಚುಗಲ್ ಕಡೆಯ ಬಿಲವಾಸಿಗಳು. ಇದರ ಮರಿ ಹುಟ್ಟುವುದು ಬರಿಮೈಯಲ್ಲಿ, ಮುಚ್ಚಿದ ಕಣ್ಣಿನಲ್ಲಿ. ತಾಯಿ ತನ್ನದೇ ಎದೆಯ ತುಪ್ಪಳ ಕಿತ್ತು ಹಾಸಿದ ಗೂಡಿನಲ್ಲಿ ಮರಿಗಳು ಒಂದರ ಮೇಲೊಂದು ಒತ್ತಿಕೊಂಡು ಬೆಳೆಯುತ್ತವೆ. ತಾಯಿಯ ಮೈಮೇಲಿನ ನುಸಿ ಮರಿಗೆ ದಾಟುವುದು ಅಲ್ಲಿಯೇ. ‘ಹೊರಗೆ ಬಿಟ್ಟೇ ಇಲ್ಲ, ಎಲ್ಲಿಂದ ಬಂತು ಡಾಕ್ಟರೇ?’ ಎಂದು ಕೇಳುವವರಿಗೆ ನನ್ನ ಉತ್ತರ ಇದೇ: ಬಹಳ ಸಲ ಅದು ಮೊಲದ ಜೊತೆಗೇ ಮನೆಗೆ ಬಂದಿರುತ್ತದೆ. ನುಸಿಯ ಸಂಖ್ಯೆ ಕಡಿಮೆಯಿದ್ದಾಗ ಮೊಲ ಏನನ್ನೂ ತೋರಿಸುವುದಿಲ್ಲ. ಹುಲ್ಲು ಬದಲಾದಾಗ, ಸಾಗಾಟದಲ್ಲಿ ಬೆದರಿದಾಗ, ಬೇರೊಂದು ಕಾಯಿಲೆ ತಗುಲಿದಾಗ ಆ ಸಂಖ್ಯೆ ಏರುತ್ತದೆ.

ನುಸಿ ಎಂದ ಕೂಡಲೇ ತುಮಕೂರು, ತಿಪಟೂರು ಕಡೆಯವರಿಗೆ ತೆಂಗು ನೆನಪಾಗುತ್ತದೆ. 1998ರಲ್ಲಿ ಕೇರಳದಲ್ಲಿ ಕಾಣಿಸಿಕೊಂಡು ನಮ್ಮ ತೋಟಗಳಿಗೂ ನುಗ್ಗಿ ಎಳೆಗಾಯಿಯ ತೊಟ್ಟಿನಡಿ ರಸ ಹೀರಿದ ಆ ಜೀವಿಯ ದೂರದ ಬಳಗವೇ ಮೊಲದ ನುಸಿ. ಇವು ಕೀಟಗಳಲ್ಲ, ಜೇಡ ಚೇಳುಗಳ ವರ್ಗಕ್ಕೆ ಸೇರಿದವು. ಮೊಲದ ನುಸಿಯ ಮರಿಗೆ ಆರು ಕಾಲು, ಬೆಳೆದದ್ದಕ್ಕೆ ಎಂಟು.

ಸಾಕುಮೊಲವನ್ನು ಕಾಡುವ ನುಸಿಗಳಲ್ಲಿ ಮೂರನ್ನು ನೀವು ಗುರುತಿಟ್ಟುಕೊಂಡರೆ ಸಾಕು. ಆ ಮೂರಲ್ಲದೆ ತುಪ್ಪಳಕ್ಕೆ ಅಂಟಿಕೊಂಡು ಬದುಕುವ ಲೆಪೊರಾಕಾರಸ್, ಬೆಕ್ಕಿನ ಕಜ್ಜಿಯ ಬಂಧುವಾದ ನೋಟೊಯೆಡ್ರಿಸ್, ಅಪರೂಪಕ್ಕೆ ಡೆಮೊಡೆಕ್ಸ್ ಕೂಡ ಇವೆ. ಅವನ್ನು ವೈದ್ಯರಿಗೆ ಬಿಡೋಣ.

ಮೊದಲನೆಯದು, ಎಲ್ಲಕ್ಕಿಂತ ಹೆಚ್ಚು ಸಿಗುವ ಕಿವಿಯ ನುಸಿ. ಹೆಸರು ಸೊರಾಪ್ಟಿಸ್ ಕ್ಯುನಿಕ್ಯುಲೈ. ಅರ್ಧ ಮಿಲಿಮೀಟರಿನ ಆಸುಪಾಸು ಇರುವ ಇದನ್ನು ಕಪ್ಪು ಕಾಗದದ ಮೇಲೆ ಉದುರಿಸಿದರೆ ಒಳ್ಳೆಯ ಕಣ್ಣಿಗೆ ಚಲಿಸುವ ಚುಕ್ಕೆಯಾಗಿ ಕಾಣುತ್ತದೆ. ಇದು ಚರ್ಮವನ್ನು ಕೊರೆದು ಒಳಗೆ ಹೋಗುವುದಿಲ್ಲ. ಕಿವಿಯ ಒಳಮೈಯ ಮೇಲ್ಪದರವನ್ನು ಕೆರಳಿಸಿ, ಅಲ್ಲಿಂದ ಒಸರುವ ದ್ರವವನ್ನು ಉಣ್ಣುತ್ತದೆ. ನುಸಿಯ ಹಿಕ್ಕೆ, ಅದು ಬಿಟ್ಟ ಹಳೆಯ ಪೊರೆ, ಮೊಲದ ರಕ್ತರಸ, ಉದುರಿದ ಚರ್ಮ ಎಲ್ಲ ಸೇರಿ ಒಣಗಿ, ನೆನೆಸಿದ ಅವಲಕ್ಕಿಯನ್ನು ಪದರ ಪದರವಾಗಿ ಒತ್ತಿ ಒಣಗಿಸಿಟ್ಟಂತೆ ಕಿವಿಯ ಹಳ್ಳ ತುಂಬಿಕೊಳ್ಳುತ್ತದೆ. ಬಣ್ಣ ಕಂದು. ವಾಸನೆ ಕೆಟ್ಟದ್ದು. ಮೊಲದ ಕಿವಿ ಭಾರವಾಗಿ ಒಂದು ಕಡೆ ಜೋಲುತ್ತದೆ. ಮೊಟ್ಟೆಯಿಂದ ಮತ್ತೆ ಮೊಟ್ಟೆಯಿಡುವ ಹೆಣ್ಣಾಗಲು ಇದಕ್ಕೆ ಸುಮಾರು ಮೂರು ವಾರ ಸಾಕು. ಈ ಮೂರು ವಾರವನ್ನು ನೆನಪಿಡಿ. ಮುಂದೆ ಚಿಕಿತ್ಸೆಯ ಲೆಕ್ಕ ನಿಂತಿರುವುದು ಇದರ ಮೇಲೆಯೇ.

ಈ ಹಂತದಲ್ಲಿ ಮನೆಯವರು ಮಾಡುವ ಮೊದಲ ಕೆಲಸವೆಂದರೆ ಹತ್ತಿ, ಕಡ್ಡಿ, ಚಿಮುಟ ಹಿಡಿದು ಹಕ್ಕಳೆ ಕೀಳುವುದು. ದಯವಿಟ್ಟು ಕೀಳಬೇಡಿ. ಅದರ ಕೆಳಗೆ ಇರುವುದು ಹಸಿಗಾಯ. ಕಿತ್ತರೆ ರಕ್ತ, ಸಹಿಸಲಾಗದ ನೋವು, ಮೇಲೆ ಬ್ಯಾಕ್ಟೀರಿಯಾದ ಸೋಂಕು. ನೋವಿಗೆ ಮೊಲ ಒದ್ದುಕೊಂಡರೆ, ಹಿಡಿದವರು ಗಟ್ಟಿಯಾಗಿ ಅಮುಕಿದರೆ, ಸೊಂಟದ ಬೆನ್ನೆಲುಬು ಮುರಿಯಬಹುದು. ಮೊಲದ ಹಿಂಗಾಲಿನ ಸ್ನಾಯುಗಳು ಬಲು ಗಟ್ಟಿ, ಎಲುಬು ಬಲು ಹಗುರ. ತನ್ನ ಒದೆತಕ್ಕೆ ತಾನೇ ಬೆನ್ನು ಮುರಿದುಕೊಳ್ಳುವ ಪ್ರಾಣಿ ಅದು. ಚುಚ್ಚುಮದ್ದು ಬಿದ್ದು ನುಸಿ ಸತ್ತ ಮೇಲೆ ಆ ಹಕ್ಕಳೆ ದಿನಗಳಲ್ಲಿ ತಾನಾಗಿ ಸಡಿಲವಾಗಿ ಕಳಚುತ್ತದೆ. ನೋಡಲು ಅಸಹ್ಯವೆಂಬುದು ಮನುಷ್ಯರ ತೊಂದರೆ. ಮೊಲಕ್ಕೆ ಅದನ್ನು ಹಾಗೇ ಬಿಡುವುದೇ ಉಪಕಾರ. ಹಾಗೆಂದು ಚಿಕಿತ್ಸೆಯನ್ನೇ ಮಾಡದೆ ಬಿಟ್ಟರೆ ಸೋಂಕು ಕಿವಿಯ ಪರದೆ ದಾಟಿ ನಡುಗಿವಿಗೆ, ಒಳಗಿವಿಗೆ ಇಳಿಯುತ್ತದೆ. ಆಗ ಮೊಲದ ಕತ್ತು ಒಂದೇ ಕಡೆ ತಿರುಚಿಕೊಳ್ಳುತ್ತದೆ, ನಿಂತಲ್ಲೇ ಸುತ್ತುತ್ತದೆ. ಆ ಹಂತದಲ್ಲಿ ಬಂದವುಗಳನ್ನು ಉಳಿಸುವುದು ಕಷ್ಟ.

ಎರಡನೆಯದು ಸಾರ್ಕಾಪ್ಟಿಸ್ ಸ್ಕೇಬಿಐ; ಮನುಷ್ಯರ ಕಜ್ಜಿಯ ಹುಳುವಿನ ಜಾತಿಯದೇ, ಮೊಲಕ್ಕೆ ಒಗ್ಗಿದ ಬಗೆ. ಇದು ಕೊರೆಯುತ್ತದೆ. ಹೆಣ್ಣು ನುಸಿ ಚರ್ಮದೊಳಗೆ ಸುರಂಗ ತೋಡಿ ಅಲ್ಲಿಯೇ ಮೊಟ್ಟೆಯಿಡುತ್ತದೆ. ಮೊದಲು ಕಾಣುವುದು ತುಟಿ, ಮೂಗಿನ ತುದಿ, ಕಣ್ಣಿನ ಸುತ್ತ, ಕಿವಿಯ ಅಂಚು, ಕಾಲ್ಬೆರಳ ಸಂದು. ಬೂದಿಬಣ್ಣದ ಒಣ ಹಕ್ಕಳೆ, ಉದುರಿದ ಕೂದಲು, ನಿಲ್ಲದ ತುರಿಕೆ. ಮೂಗು ಬಾಯಿ ಬಿರಿದ ಮೊಲ ತಿನ್ನುವುದನ್ನು ಬಿಡುತ್ತದೆ. ಹೊಟ್ಟೆ ಖಾಲಿಬಿಟ್ಟ ಮೊಲದ ಕರುಳು ನಿಂತೇಹೋಗುತ್ತದೆ, ಒಂದೆರಡು ದಿನದೊಳಗೆ ಪ್ರಾಣಕ್ಕೆ ಕುತ್ತು. ನಾಯಿ ಎರಡು ದಿನ ಉಪವಾಸವಿದ್ದರೆ ಚಿಂತಿಸುತ್ತ ಕಾಯಬಹುದು. ಮೊಲಕ್ಕೆ ಆ ಸವಲತ್ತಿಲ್ಲ. ಸಾರ್ಕಾಪ್ಟಿಸ್ ತಗುಲಿದ ಮೊಲ ಕೊನೆಗೆ ಸಾಯುವುದು ಅನೇಕ ಸಲ ಹಸಿವಿನಿಂದ.

ಮೂರನೆಯದು ಚೈಲಿಟಿಯೆಲ್ಲಾ. ಬೆನ್ನಿನ ಮೇಲೆ, ಕತ್ತಿನ ಹಿಂದೆ ದಪ್ಪ ತಲೆಹೊಟ್ಟು. ಗಮನಿಸಿ ನೋಡಿದರೆ ಹೊಟ್ಟಿನ ಚೂರುಗಳು ನಡೆಯುತ್ತವೆ. ಅಡಿಯಲ್ಲಿ ನುಸಿ ಹೊತ್ತುಕೊಂಡು ಹೋಗುತ್ತಿರುತ್ತದೆ. ಇದು ಮೊಲಕ್ಕೆ ಅಷ್ಟು ಹಿಂಸೆ ಕೊಡದಿದ್ದರೂ ಮನೆಯವರಿಗೆ ಕೊಡುತ್ತದೆ. ಮೊಲವನ್ನು ಎತ್ತಿಕೊಳ್ಳುವ ಹುಡುಗಿಯ ಮುಂದೋಳು, ಹೊಟ್ಟೆ, ಎದೆಯ ಮೇಲೆ ಕೆಂಪು ಗುಳ್ಳೆಗಳೆದ್ದು ತುರಿಸುತ್ತವೆ. ಚರ್ಮದ ಡಾಕ್ಟರು ಅಲರ್ಜಿಯೆಂದು ಮುಲಾಮು ಬರೆಯುತ್ತಾರೆ, ಗುಳ್ಳೆ ಹೋಗುತ್ತದೆ, ಮತ್ತೆ ಬರುತ್ತದೆ. ಮನೆಯಲ್ಲಿ ಪ್ರಾಣಿಯಿದೆಯೇ ಎಂದು ಯಾರೂ ಕೇಳಿರುವುದಿಲ್ಲ, ಕೇಳಿದರೂ ‘ನಾಯಿ ಬೆಕ್ಕು ಇಲ್ಲ’ ಎಂದೇ ಉತ್ತರ. ಮೊಲ ಲೆಕ್ಕಕ್ಕೆ ಬರುವುದಿಲ್ಲ! ಚೈಲಿಟಿಯೆಲ್ಲಾ ಮತ್ತು ಸಾರ್ಕಾಪ್ಟಿಸ್ ಎರಡೂ ಮನುಷ್ಯರ ಮೈಮೇಲೆ ತಾತ್ಕಾಲಿಕವಾಗಿ ಇರುತ್ತವೆ, ನೆಲೆಯೂರುವುದಿಲ್ಲ. ಮೊಲಕ್ಕೆ ಚಿಕಿತ್ಸೆಯಾದರೆ ಮನುಷ್ಯರ ತುರಿಕೆ ತಾನಾಗಿ ಇಳಿಯುತ್ತದೆ. ಕಿವಿಯ ನುಸಿ ನಮಗೆ ಬಾರದು. ಹಾಗಾಗಿ ತುರಿಕೆ ಬಂದ ದಿನ ಮೊಲವನ್ನು ಬೀದಿಗೆ ಬಿಡುವ ಅಗತ್ಯ ಖಂಡಿತ ಇಲ್ಲ. ಬೀದಿಗೆ ಬಿಟ್ಟ ಸಾಕುಮೊಲ ಅದೇ ರಾತ್ರಿ ನಾಯಿಯ ಪಾಲು.

ಇಷ್ಟು ಚಿಕ್ಕ ಜೀವಿ ಇಷ್ಟು ದೊಡ್ಡ ಕಾಯಿಲೆಗೆ ಕಾರಣವೆಂದು ನಂಬಿಸಲು ವೈದ್ಯರಿಗೆ ಒಂದೂವರೆ ಶತಮಾನ ಹಿಡಿಯಿತು ಎಂಬುದು ವಿಚಿತ್ರ ಕಥೆ. ಇಟಲಿಯ ಲಿವೋರ್ನೋ ಊರಿನ ಜೊವಾನ್ನಿ ಬೊನೊಮೊ ಎಂಬ ವೈದ್ಯ, ಚೆಸ್ತೋನಿ ಎಂಬ ಔಷಧಿ ವ್ಯಾಪಾರಿಯ ಜೊತೆ ಸೇರಿ, ಬಡ ಹೆಂಗಸರು ಮಕ್ಕಳ ಕಜ್ಜಿಯಿಂದ ಸೂಜಿಯ ತುದಿಯಲ್ಲಿ ಏನನ್ನೋ ತೆಗೆಯುವುದನ್ನು ಕಂಡು ಅದನ್ನು ಸೂಕ್ಷ್ಮದರ್ಶಕದಡಿ ಇಟ್ಟ. 1687ರಲ್ಲಿ ಆ ಹುಳುವೇ ಕಜ್ಜಿಯ ಕಾರಣವೆಂದು ಫ್ರಾನ್ಚೆಸ್ಕೊ ರೇಡಿ ಎಂಬ ವಿಜ್ಞಾನಿಗೆ ಪತ್ರ ಬರೆದು ಪ್ರಕಟಿಸಿದ. ರಕ್ತ ಕೆಟ್ಟದ್ದೇ ಕಜ್ಜಿಗೆ ಕಾರಣವೆಂದು ನಂಬಿದ್ದ ವಿದ್ವಾಂಸರು ಕಿವಿಗೊಡಲಿಲ್ಲ. 1812ರಲ್ಲಿ ಪ್ಯಾರಿಸ್ಸಿನಲ್ಲಿ ಗಾಲೆಸ್ ಎಂಬಾತ ಹುಳುವನ್ನು ಕಂಡೆನೆಂದು ಚಿತ್ರ ಸಹಿತ ಪ್ರಬಂಧ ಮಂಡಿಸಿದ. ಚಿತ್ರದಲ್ಲಿದ್ದದ್ದು ಚೀಸ್‌ನಲ್ಲಿ ಹುಟ್ಟುವ ನುಸಿ! ಆ ವಂಚನೆ ಬಯಲಾದ ಮೇಲೆ ನಿಜವಾದ ಹುಳುವನ್ನೂ ಜನ ನಂಬದಾದರು. ಕೊನೆಗೆ 1834ರಲ್ಲಿ ಕಾರ್ಸಿಕಾದ ವಿದ್ಯಾರ್ಥಿ ರೆನುಚ್ಚಿ ತನ್ನ ಊರಿನ ಹೆಂಗಸರು ಮಾಡುವ ಹಾಗೆಯೇ ಸೂಜಿಯಿಂದ ನುಸಿಯನ್ನು ಎತ್ತಿ ಪ್ಯಾರಿಸ್ಸಿನ ಪ್ರಾಧ್ಯಾಪಕರ ಮುಂದಿಟ್ಟ. ಹುಳು ಎಲ್ಲಿ ಕೂತಿರುತ್ತದೆಂದು ಹಳ್ಳಿಯ ಹೆಂಗಸರಿಗೆ ಗೊತ್ತಿತ್ತು. ಪ್ರಾಧ್ಯಾಪಕರು ಗುಳ್ಳೆಯೊಳಗೆ ಹುಡುಕುತ್ತಿದ್ದರು, ಅದು ಸುರಂಗದ ತುದಿಯಲ್ಲಿತ್ತು.

ಹುಡುಕುವ ಜಾಗ ತಪ್ಪಿದರೆ ಸಿಗದು. ಇಂದೂ ಅಷ್ಟೆ. ಹಕ್ಕಳೆಯ ಅಂಚನ್ನು ಬ್ಲೇಡಿನಿಂದ ತುಸು ಆಳಕ್ಕೆ ಕೆರೆದು, ಪೊಟ್ಯಾಸಿಯಂ ಹೈಡ್ರಾಕ್ಸೈಡಿನಲ್ಲಿ ಕರಗಿಸಿ ಗಾಜಿನ ಮೇಲೆ ನೋಡಬೇಕು. ತಲೆಹೊಟ್ಟಿಗೆ ಪಾರದರ್ಶಕ ಟೇಪು ಸಾಕು: ಒತ್ತಿ ತೆಗೆದು ಗಾಜಿಗೆ ಅಂಟಿಸಿದರಾಯಿತು. ನೋಡದೆಯೇ ‘ಇದು ಖರೂಜ್’ ಎಂದು ಮರಾಠಿಯಲ್ಲಿ ತೀರ್ಪು ಕೊಟ್ಟು ಸೂಜಿ ಎತ್ತುವವರಿದ್ದಾರೆ. ಮೊಲದ ಮುಖದ ಮೇಲೆ ಕಾಣುವ ಹಕ್ಕಳೆಯೆಲ್ಲ ಕಜ್ಜಿಯಲ್ಲ. ಎರಡು ಕಾಯಿಲೆಗಳಂತೂ ಅದೇ ವೇಷ ಹಾಕಿ ಬರುತ್ತವೆ. ಆ ಎರಡರ ಮಾತು ಎತ್ತಿದರೆ ನಾವು ಇಲ್ಲಿಂದ ಪುಣೆಯ ಪಕ್ಕದ ಪಿಂಪ್ರಿಗೆ ಹೋಗಬೇಕಾಗುತ್ತದೆ.

ಮೊದಲನೆಯದು ಹುಳುಕಡ್ಡಿ, ಅಂದರೆ ಶಿಲೀಂಧ್ರದ ಸೋಂಕು. ದುಂಡಗೆ ಕೂದಲುದುರಿದ ಮಚ್ಚೆ, ಅದರ ಮೇಲೆ ಹೊಟ್ಟು. ನುಸಿಯ ಔಷಧವನ್ನು ಎಷ್ಟು ಚುಚ್ಚಿದರೂ ಇದು ಕದಲುವುದಿಲ್ಲ. ಮಕ್ಕಳಿಗೂ ಹರಡುತ್ತದೆ, ಕಜ್ಜಿಯ ನುಸಿಯಂತೆ ತಾನಾಗಿ ಹೋಗುವುದೂ ಇಲ್ಲ. ಶಿಲೀಂಧ್ರವನ್ನು ಕೊಲ್ಲುವ ಔಷಧಗಳ ಚರಿತ್ರೆಯಲ್ಲಿ ಪಿಂಪ್ರಿಗೆ ಒಂದು ಅಧ್ಯಾಯವಿದೆ, ಅದನ್ನು ಬರೆದವರು ಕನ್ನಡ ನಾಡಿನವರು. 1954ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ ನೆರವಿನಿಂದ ಸ್ಥಾಪನೆಯಾದ ಹಿಂದೂಸ್ತಾನ್ ಆ್ಯಂಟಿಬಯೊಟಿಕ್ಸ್ ಕಾರ್ಖಾನೆಯ ಸಂಶೋಧನಾ ವಿಭಾಗವನ್ನು ಕಟ್ಟಿ ನಡೆಸಿದವರು ಮಂಡಯಂ ಜೀಯರ್‌ಸನ್ನಿಧಿ ತಿರುಮಲಾಚಾರ್. ಮೈಸೂರು ಸಂಸ್ಥಾನದಲ್ಲಿ 1914ರಲ್ಲಿ ಹುಟ್ಟಿದವರು, ಮೈಸೂರು ವಿಶ್ವವಿದ್ಯಾಲಯದಲ್ಲಿ ಓದಿದವರು, ಶಿಲೀಂಧ್ರ ವಿಜ್ಞಾನದಲ್ಲಿ ಜಗತ್ತು ಗುರುತಿಸಿದವರು. ಪಿಂಪ್ರಿಯ ಮಣ್ಣಿನಲ್ಲಿ ಸಿಕ್ಕ ಸ್ಟ್ರೆಪ್ಟೊಮೈಸಿಸ್ ಜಾತಿಯೊಂದರಿಂದ ಅವರೂ ಅವರ ಸಂಗಡಿಗರೂ ಹ್ಯಾಮೈಸಿನ್ ಎಂಬ ಶಿಲೀಂಧ್ರನಾಶಕವನ್ನು ಹೊರತೆಗೆದರು. ಆ ಸೂಕ್ಷ್ಮಜೀವಿಗೆ ಇಟ್ಟ ಹೆಸರಿನಲ್ಲಿಯೇ ಊರಿದೆ: ಸ್ಟ್ರೆಪ್ಟೊಮೈಸಿಸ್ ಪಿಂಪ್ರಿನಾ. ಬೆಳೆಗಳ ರೋಗಕ್ಕೆ ಬಳಸಿದ ಆರಿಯೊಫಂಗಿನ್ ಕೂಡ ಅಲ್ಲಿಂದಲೇ ಬಂತು. ಪುಣೆಯ ಕನ್ನಡಿಗರು ಭೀಮಸೇನ ಜೋಶಿಯವರ ಹೆಸರು ಹೇಳುವಾಗ ಎದೆಯುಬ್ಬಿಸುತ್ತೇವೆ, ಅದು ಸರಿಯೇ. ಅದೇ ಉಸಿರಿನಲ್ಲಿ ತಿರುಮಲಾಚಾರ್ ಅವರ ಹೆಸರು ಬಾರದಿರುವುದು ನನಗೆ ಸದಾ ಬೇಸರದ ವಿಷಯ.

ಎರಡನೆಯ ವೇಷಧಾರಿ ಇನ್ನೂ ಮೋಸದ್ದು: ಮೊಲದ ಸಿಫಿಲಿಸ್. ಗಾಬರಿಯಾಗಬೇಡಿ, ಮನುಷ್ಯರಿಗೆ ಅಂಟುವುದಲ್ಲ. ಮೊಲಗಳದೇ ಬೇರೆ ಟ್ರೆಪೊನಿಮಾ. ಮೂಗು, ತುಟಿ, ಕಣ್ಣುರೆಪ್ಪೆ, ಜನನಾಂಗದ ಸುತ್ತ ಹಕ್ಕಳೆ ಕಟ್ಟುತ್ತದೆ. ಸಾರ್ಕಾಪ್ಟಿಸ್ ಕಜ್ಜಿಯೆಂದೇ ಅನಿಸುತ್ತದೆ, ತುರಿಕೆ ಮಾತ್ರ ಅಷ್ಟಿರುವುದಿಲ್ಲ. ಇದಕ್ಕೆ ಮದ್ದು ಪಿಂಪ್ರಿಯ ಕಾರ್ಖಾನೆ ಹುಟ್ಟಿದ್ದೇ ಯಾವುದನ್ನು ತಯಾರಿಸಲೆಂದೋ ಅದು, ಪೆನಿಸಿಲಿನ್. ವಾರಕ್ಕೊಂದರಂತೆ ಕೆಲವು ಚುಚ್ಚುಮದ್ದು ಕೊಟ್ಟರೆ ಹಕ್ಕಳೆ ಮಾಯ. ಆದರೆ ಚುಚ್ಚಿಯೇ ಕೊಡಬೇಕು. ಪೆನಿಸಿಲಿನ್, ಆ್ಯಂಪಿಸಿಲಿನ್, ಅಮಾಕ್ಸಿಸಿಲಿನ್ ಮಾತ್ರೆಯನ್ನೋ ಸಿರಪ್ಪನ್ನೋ ಮೊಲದ ಬಾಯಿಗೆ ಹಾಕಿದರೆ ಅದರ ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾ ಸತ್ತು, ಕ್ಲಾಸ್ಟ್ರಿಡಿಯಂ ಬೆಳೆದು ವಿಷ ಉತ್ಪತ್ತಿಯಾಗುತ್ತದೆ. ಭೇದಿ, ಆಮೇಲೆ ಸಾವು. ಹುಲ್ಲನ್ನು ಹುದುಗಿಸಿ ಬದುಕುವ ಪ್ರಾಣಿಯ ಹೊಟ್ಟೆ ನಡೆಯುವುದೇ ಆ ಸೂಕ್ಷ್ಮಜೀವಿಗಳಿಂದ. ಮಗುವಿಗೆ ಬರೆದು ಉಳಿದ ಗುಲಾಬಿ ಬಣ್ಣದ ಸಿರಪ್ಪನ್ನು ಮೊಲದ ಮೂಗಿನ ಹುಣ್ಣಿಗೆಂದು ಕುಡಿಸಿ ಎರಡನೆಯ ದಿನ ಹೆಣ ತಂದವರನ್ನು ನಾನು ಕಂಡಿದ್ದೇನೆ. ಅವರು ಪ್ರೀತಿಯಿಂದಲೇ ಕುಡಿಸಿದ್ದರು.

ಈಗ ನುಸಿಯ ನಿಜವಾದ ಮದ್ದು. ಅದು ಕೂಡ ಮಣ್ಣಿನದೇ ಕೊಡುಗೆ. ಜಪಾನಿನ ಶಿಜುವೊಕಾ ಪ್ರಾಂತದ ಕವಾನ ಎಂಬಲ್ಲಿ, ಗಾಲ್ಫ್ ಮೈದಾನವೊಂದರ ಸಮೀಪದ ಮಣ್ಣಿನಿಂದ ಸತೋಶಿ ಓಮುರಾ ಒಂದು ಸ್ಟ್ರೆಪ್ಟೊಮೈಸಿಸ್ ಬೇರ್ಪಡಿಸಿದರು. 1970ರ ದಶಕದಲ್ಲಿ ಅದನ್ನು ಅಮೆರಿಕದ ಮರ್ಕ್ ಕಂಪನಿಗೆ ಕಳಿಸಿದಾಗ ವಿಲಿಯಂ ಕ್ಯಾಂಬೆಲ್ ತಂಡದವರು ಹುಳು ತುಂಬಿದ ಇಲಿಗಳ ಮೇಲೆ ಅದರ ಶಕ್ತಿ ಕಂಡರು. ಅದರ ಅವರ್ಮೆಕ್ಟಿನ್ ಎಂಬ ಅಂಶವನ್ನು ತುಸು ಮಾರ್ಪಡಿಸಿದ್ದೇ ಐವರ್ಮೆಕ್ಟಿನ್. 1981ರಲ್ಲಿ ಅದು ದನ ಕುರಿಗಳ ಮದ್ದಾಗಿ ಪೇಟೆಗೆ ಬಂತು, ಆಮೇಲೆ ಆಫ್ರಿಕಾದ ನದಿಕುರುಡಿನ ಲಕ್ಷಾಂತರ ರೋಗಿಗಳ ಕಣ್ಣುಳಿಸಿತು. 2015ರ ವೈದ್ಯ ನೊಬೆಲ್‌ನಲ್ಲಿ ಇಬ್ಬರಿಗೂ ಪಾಲು ಸಿಕ್ಕಿತು. ಕೋವಿಡ್ ಕಾಲದಲ್ಲಿ ಇದರ ಹೆಸರು ಮನೆಮಾತಾದದ್ದು ಬೇರೆ ಗೊಂದಲ. ಅದನ್ನಿಲ್ಲಿ ಎಳೆಯುವುದು ಬೇಡ.

ನುಸಿಯ ನರ ಮತ್ತು ಸ್ನಾಯುವಿನಲ್ಲಿ ಗ್ಲುಟಮೇಟ್ ತಾಗಿದಾಗ ತೆರೆಯುವ ಕ್ಲೋರೈಡ್ ಬಾಗಿಲುಗಳಿವೆ. ಐವರ್ಮೆಕ್ಟಿನ್ ಅವನ್ನು ಮುಚ್ಚಗೊಡುವುದಿಲ್ಲ. ನುಸಿ ಲಕ್ವ ಹೊಡೆದು ಸಾಯುತ್ತದೆ. ಸಸ್ತನಿಗಳಲ್ಲಿ ಆ ಬಗೆಯ ಬಾಗಿಲಿಲ್ಲ, ಜೊತೆಗೆ ಮಿದುಳಿನ ರಕ್ಷಣಾ ಪದರ ಔಷಧವನ್ನು ಹೊರಗೇ ತಡೆಯುತ್ತದೆ. ಆದ್ದರಿಂದ ಸರಿಯಾದ ಪ್ರಮಾಣದಲ್ಲಿ ಮೊಲಕ್ಕೆ ಅಪಾಯವಿಲ್ಲ. ಕಷ್ಟವಿರುವುದೇ ಆ ‘ಸರಿಯಾದ ಪ್ರಮಾಣ’ದಲ್ಲಿ.

ಲೆಕ್ಕ ಮಾಡೋಣ. ಪೇಟೆಯಲ್ಲಿ ಸಿಗುವ ದನದ ಐವರ್ಮೆಕ್ಟಿನ್ ಶೇ. 1ರ ದ್ರಾವಣ, ಅಂದರೆ 1 ಮಿಲಿಲೀಟರಿನಲ್ಲಿ 10 ಮಿಲಿಗ್ರಾಂ. 50 ಕಿಲೊ ತೂಕದ ಕರುವಿಗೆ 1 ಮಿಲಿಲೀಟರ್. ಮೊಲಕ್ಕೆ ಪ್ರತಿ ಕಿಲೊಗೆ 0.2ರಿಂದ 0.4 ಮಿಲಿಗ್ರಾಂ ಕೊಡುವುದು ರೂಢಿ. 2 ಕಿಲೊ ಮೊಲಕ್ಕೆ ಕಡಿಮೆ ಪ್ರಮಾಣದಲ್ಲಿ ಬೇಕಾದದ್ದು 0.4 ಮಿಲಿಗ್ರಾಂ, ಎಂದರೆ 0.04 ಮಿಲಿಲೀಟರ್. ಒಂದು ಹನಿ. ಸಾಧಾರಣ 2 ಮಿಲಿಲೀಟರ್ ಸಿರಿಂಜಿನಲ್ಲಿ ಅದನ್ನು ಅಳೆಯಲಾಗುವುದಿಲ್ಲ, ಸೂಜಿಯ ಬುಡದಲ್ಲಿ ಉಳಿಯುವ ಔಷಧವೇ ಅದಕ್ಕಿಂತ ಹೆಚ್ಚಿದ್ದೀತು. ಹಾಗಾಗಿ ಇನ್ಸುಲಿನ್ ಸಿರಿಂಜು ಹಿಡಿಯುತ್ತಾರೆ. ಅಲ್ಲಿ ಇನ್ನೊಂದು ಗುಂಡಿ. ನಮ್ಮ ದೇಶದ ಔಷಧಿ ಅಂಗಡಿಯಲ್ಲಿ ಎರಡು ಬಗೆಯ ಇನ್ಸುಲಿನ್ ಸಿರಿಂಜುಗಳಿವೆ. ಯು-100ರಲ್ಲಿ ಒಂದು ಯೂನಿಟ್ 0.01 ಮಿಲಿಲೀಟರ್, ಯು-40ರಲ್ಲಿ ಒಂದು ಯೂನಿಟ್ 0.025. ‘ನಾಲ್ಕು ಯೂನಿಟ್ ಹಾಕಿ’ ಎಂದು ಫೋನಿನಲ್ಲಿ ಹೇಳಿಸಿಕೊಂಡವರ ಕೈಯಲ್ಲಿ ಯು-40 ಇದ್ದರೆ ಔಷಧ ಎರಡೂವರೆ ಪಟ್ಟು ಹೋಯಿತು. ಅರ್ಧ ಕಿಲೊ ಮರಿಗೆ ಹೀಗಾದರೆ ಏನಾದೀತೆಂದು ನೀವೇ ಊಹಿಸಿ. ನೀರು ಬೆರೆಸಿ ತೆಳು ಮಾಡಿಕೊಳ್ಳುವ ಜಾಣತನವೂ ನಡೆಯದು, ಇದು ನೀರಿನಲ್ಲಿ ಕರಗುವ ವಸ್ತುವಲ್ಲ. ಗುಲಗಂಜಿ ತೂಕದ ಈ ವ್ಯವಹಾರವನ್ನು ಮನೆಯಲ್ಲಿ ಮಾಡಬೇಡಿ ಎಂದು ನಾನು ಹಟ ಹಿಡಿಯುವುದು ಇದಕ್ಕೇ.

ಒಂದು ಸಲ ಚುಚ್ಚಿದರೆ ಮುಗಿಯಲಿಲ್ಲ. ಔಷಧ ಹುಳುವನ್ನು ಕೊಲ್ಲುತ್ತದೆ, ಮೊಟ್ಟೆಯನ್ನು ಮುಟ್ಟುವುದಿಲ್ಲ. ಮೊಟ್ಟೆ ಒಡೆದು ಮರಿ ಹೊರಬಂದು, ಅದು ಬೆಳೆದು ತಾನು ಮೊಟ್ಟೆಯಿಡುವ ಮೊದಲೇ ಎರಡನೆಯ ಸಲ ಕೊಡಬೇಕು: 10ರಿಂದ 14 ದಿನಕ್ಕೊಮ್ಮೆ, ಎರಡು ಅಥವಾ ಮೂರು ಬಾರಿ. ಮೂರು ವಾರ ನೆನಪಿಡಿ ಎಂದದ್ದು ಇದಕ್ಕೆ. ಮೊದಲ ಸೂಜಿಯಲ್ಲೇ ತುರಿಕೆ ನಿಲ್ಲುತ್ತದೆ, ಮನೆಯವರು ಎರಡನೆಯದಕ್ಕೆ ಬರುವುದಿಲ್ಲ, ತಿಂಗಳ ಮೇಲೆ ಕಿವಿ ಮತ್ತೆ ತುಂಬುತ್ತದೆ. ಆಗ ‘ಔಷಧ ನಾಟಲಿಲ್ಲ’ ಎಂಬ ದೂರು. ಕತ್ತಿನ ಹಿಂದೆ ಹನಿಸುವ ಸೆಲಮೆಕ್ಟಿನ್ ಕೂಡ ಇದೆ. ಅದರಿಂದ ಚುಚ್ಚುವ ಕಷ್ಟ ತಪ್ಪುತ್ತದೆ, ಬೆಲೆ ಮಾತ್ರ ಹೆಚ್ಚು.

ಹನಿಸುವ ಔಷಧವೆಂದ ಕೂಡಲೇ ನಾನು ಗಟ್ಟಿ ದನಿಯಲ್ಲಿ ಹೇಳಬೇಕಾದ್ದು ಇದೆ. ನಾಯಿಯ ಉಣ್ಣೆಗೂ ಚಿಗಟಕ್ಕೂ ಮಾರುವ ಫಿಪ್ರೊನಿಲ್ ಮೊಲಕ್ಕೆ ವಿಷ. ಪೊಟ್ಟಣದ ಮೇಲೆಯೇ ಮೊಲಕ್ಕೆ ಹಾಕಬಾರದೆಂದು ಕಂಪನಿಯವರೇ ಬರೆದಿರುತ್ತಾರೆ, ಓದುವಷ್ಟು ದಪ್ಪ ಅಕ್ಷರದಲ್ಲಿ ಮಾತ್ರ ಇರುವುದಿಲ್ಲ. ಅಂಗಡಿಯವನು ‘ನಾಯಿಗೆ ಆಗುತ್ತದೆ, ಮೊಲ ಏನು ಮಹಾ’ ಎಂದು ಕೊಡುತ್ತಾನೆ. ಹಚ್ಚಿದ ಕೆಲವು ಗಂಟೆಗಳಿಂದ ಕೆಲವು ದಿನಗಳೊಳಗೆ ಮೊಲ ಮಂಕಾಗಿ, ಸೆಳವು ಬಂದು ಸಾಯಬಹುದು. ನನ್ನ ಅಭಿಪ್ರಾಯದಲ್ಲಿ ಮೊಲ ಸಾಕುವವರು ಔಷಧಗಳ ಪೈಕಿ ಒಂದೇ ಒಂದು ಹೆಸರನ್ನು ಬಾಯಿಪಾಠ ಮಾಡಬೇಕೆಂದರೆ ಅದು ಇದು.

ಊರ ಮದ್ದುಗಳೂ ಇವೆ. ಹೊಂಗೆ ಎಣ್ಣೆ, ಬೇವಿನೆಣ್ಣೆ, ಗಂಧಕ, ಕರ್ಪೂರ. ಇವುಗಳಲ್ಲಿ ಕೆಲವಕ್ಕೆ ನುಸಿಯ ವಿರುದ್ಧ ಶಕ್ತಿಯಿರುವುದು ಸುಳ್ಳಲ್ಲ, ದನ ಎಮ್ಮೆಗಳ ಮೇಲೆ ನಮ್ಮ ಹಿರಿಯರು ಬಳಸಿ ಗೆದ್ದಿದ್ದಾರೆ. ಆದರೆ ಎಮ್ಮೆ ತನ್ನ ಬೆನ್ನನ್ನು ನೆಕ್ಕಲಾರದು. ಮೊಲ ದಿನದ ಬಹುಹೊತ್ತು ಮೈ ನೆಕ್ಕಿಕೊಳ್ಳುವ ಪ್ರಾಣಿ, ಮೈಗೆ ಹಚ್ಚಿದ್ದೆಲ್ಲ ಹೊಟ್ಟೆಗೆ. ಗ್ಯಾರೇಜಿನಿಂದ ತಂದ ಸುಟ್ಟ ಎಂಜಿನ್ ಆಯಿಲನ್ನು ಬೀದಿನಾಯಿಗೆ ಹಚ್ಚುವ ಪದ್ಧತಿ ಇನ್ನೂ ಹೋಗಿಲ್ಲ. ಅದನ್ನೇ ಮೊಲಕ್ಕೆ ಹಚ್ಚಿದವರುಂಟು. ನೆಕ್ಕಬಾರದೆಂದು ಕೊರಳಿಗೆ ಪ್ಲಾಸ್ಟಿಕ್ ಪಟ್ಟಿ ಕಟ್ಟಿದರೆ ಬೇರೊಂದು ತೊಂದರೆ: ರಾತ್ರಿ ಹಾಕುವ ಮೃದು ಹಿಕ್ಕೆಯನ್ನು ನೇರ ಗುದದಿಂದಲೇ ಬಾಯಿಗೆ ತೆಗೆದುಕೊಂಡು ತಿನ್ನುವುದು ಮೊಲದ ಪೋಷಣೆಯ ಮುಖ್ಯ ಭಾಗ, ಪಟ್ಟಿ ಅದನ್ನೂ ತಪ್ಪಿಸುತ್ತದೆ. ಇನ್ನು ಶಾಂಪೂ ಹಾಕಿ ಮೀಯಿಸುವುದು. ನೀರಿನಲ್ಲಿ ಮುಳುಗಿಸಿದ ಮೊಲ ಭಯಕ್ಕೇ ಸತ್ತದ್ದಿದೆ, ಒದ್ದೆ ತುಪ್ಪಳ ಗಂಟೆಗಟ್ಟಲೆ ಆರದೆ ಶೀತ ಹಿಡಿದು ಸತ್ತದ್ದೂ ಇದೆ. ‘ಬಿಸಿಲಿಗೆ ಬಿಟ್ಟರೆ ಕಜ್ಜಿ ಒಣಗುತ್ತದೆ’ ಎಂಬ ಮಾತು ಪುಣೆಯ ಏಪ್ರಿಲ್ ಬಿಸಿಲಿಗೆ ಸಲ್ಲದು. ಮೊಲ ಬೆವರುವುದಿಲ್ಲ, ಬಿಸಿ ಹೊರಹಾಕಲು ಅದಕ್ಕಿರುವುದು ಮುಖ್ಯವಾಗಿ ಆ ಎರಡು ಕಿವಿಗಳೇ, ಅವೂ ಹಕ್ಕಳೆ ತುಂಬಿ ಕೂತಿವೆ.

ಬಿಸಿಲಿಗೆ ಹಾಕಬೇಕಾದ್ದು ಪಂಜರವನ್ನು. ಕಿವಿಯ ನುಸಿ ಮೊಲದ ಮೈಬಿಟ್ಟು ಹೊರಗೆ, ತಂಪು ತೇವ ಇದ್ದರೆ, ಮೂರು ವಾರದವರೆಗೂ ಬದುಕಬಲ್ಲದು. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಪುಣೆಯ ಹವೆ ಅದಕ್ಕೆ ಹೇಳಿಮಾಡಿಸಿದ್ದು. ಮೊಲಕ್ಕೆ ಮದ್ದು ಮಾಡಿ ಅದೇ ಗೋಣಿಚೀಲದ ಮೇಲೆ ಕೂರಿಸಿದರೆ ಚಿಕಿತ್ಸೆ ಅರ್ಧಕ್ಕೆ ನಿಂತಂತೆ. ಹಾಸು ಎಸೆಯಿರಿ, ಪಂಜರವನ್ನು ಕುದಿನೀರಿನಲ್ಲಿ ತೊಳೆದು ಒಣಗಿಸಿ, ಮರದ ಪೆಟ್ಟಿಗೆಯಿದ್ದರೆ ಅದರ ಸಂದುಗಳನ್ನು ಬಿಡಬೇಡಿ. ಮನೆಯಲ್ಲಿ ಎರಡು ಮೊಲವಿದ್ದು ಒಂದಕ್ಕೆ ಮಾತ್ರ ಕಜ್ಜಿ ಕಂಡರೂ ಎರಡಕ್ಕೂ ಮದ್ದಾಗಬೇಕು.

ದೊಡ್ಡ ಸಾಕಾಣಿಕೆಯವರಿಗೆ ಇದೆಲ್ಲ ಹೊಸತಲ್ಲ. 1962ರಲ್ಲಿ ರಾಜಸ್ಥಾನದ ಅವಿಕಾನಗರದಲ್ಲಿ ಶುರುವಾದ ಕೇಂದ್ರೀಯ ಕುರಿ ಮತ್ತು ಉಣ್ಣೆ ಸಂಶೋಧನಾ ಸಂಸ್ಥೆಯೇ ದೇಶದ ಮೊಲಗಳ ಸಂಶೋಧನೆಯನ್ನೂ ನೋಡಿಕೊಳ್ಳುತ್ತದೆ. ಕುಲ್ಲು ಬಳಿಯ ಗರ್ಸಾದ ಅದರ ಕೇಂದ್ರದಲ್ಲಿ ಉಣ್ಣೆಯ ಅಂಗೋರಾ ಮೊಲ, ಕೊಡೈಕನಾಲ್ ಬೆಟ್ಟದ ಮನ್ನವನೂರಿನಲ್ಲಿ ಮಾಂಸದ ತಳಿಗಳು. ಗುಂಪಿಗೆ ಹೊಸ ಮೊಲ ಸೇರಿಸುವ ಮೊದಲು ಬೇರೆಯಿಡುವುದು, ಕಿವಿ ನೋಡುವುದು ಅಲ್ಲಿ ದಿನಚರಿ. ನಗರದ ಬಾಲ್ಕನಿಗೆ ಆ ಶಿಸ್ತು ಬಂದಿಲ್ಲ. ನಮ್ಮ ವೃತ್ತಿಯವರ ಪಾಲೂ ಇದರಲ್ಲಿದೆ. ಪಶುವೈದ್ಯ ಶಿಕ್ಷಣದಲ್ಲಿ ದನ, ಎಮ್ಮೆ, ಕುರಿ, ಕೋಳಿ, ಆಮೇಲೆ ನಾಯಿ. ಮೊಲವೆಂದರೆ ಪ್ರಯೋಗಾಲಯದ ಪ್ರಾಣಿ. ಲಸಿಕೆ, ಚುಚ್ಚುಮದ್ದುಗಳಲ್ಲಿ ಜ್ವರ ತರಿಸುವ ಕಲ್ಮಶವಿದೆಯೇ ಎಂದು ನೋಡಲು ಇಪ್ಪತ್ತನೆಯ ಶತಮಾನದಲ್ಲಿ ಜಗತ್ತು ಮೊಲಕ್ಕೆ ಚುಚ್ಚಿ ಉಷ್ಣತೆ ಅಳೆಯಿತು. ನಮ್ಮ ಮೈಗೆ ಹೋಗುವ ಔಷಧವನ್ನು ಮೊಲದ ಮೇಲೆ ಪರೀಕ್ಷಿಸಿದೆವು, ಮೊಲದ ಮೈಗೆ ಹೋಗುವುದನ್ನು ಮಾತ್ರ ನಾಯಿಯ ಲೆಕ್ಕದಲ್ಲಿ ಅಂದಾಜು ಮಾಡುತ್ತೇವೆ. ಪುಣೆಗೆ ಈ ನೆವ ಹೇಳುವ ಹಕ್ಕು ಎಲ್ಲಕ್ಕಿಂತ ಕಡಿಮೆ. ಔಂಧ್‌ನಲ್ಲಿ ಪಶ್ಚಿಮ ಭಾರತದ ಪ್ರಾದೇಶಿಕ ಪಶುರೋಗ ನಿದಾನ ಪ್ರಯೋಗಾಲಯವಿದೆ, ಶಿರ್ವಳದಲ್ಲಿ ಪಶುವೈದ್ಯಕೀಯ ಕಾಲೇಜಿದೆ. ಕೆರೆದ ಚರ್ಮವನ್ನು ನೋಡಲು ಬೇಕಾದದ್ದು ಒಂದು ಸೂಕ್ಷ್ಮದರ್ಶಕ, ಐದು ನಿಮಿಷ.

2018ರ ಸಾಕುಪ್ರಾಣಿ ಅಂಗಡಿಗಳ ನಿಯಮಗಳ ಪ್ರಕಾರ ಪ್ರಾಣಿ ಮಾರುವ ಅಂಗಡಿ ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಣಿಯಾಗಿರಬೇಕು. ಕೊಳ್ಳುವ ಮೊದಲು ನೋಂದಣಿ ಪತ್ರ ಕೇಳಿ. ಕೇಳುವವರಿಲ್ಲದ ಕಾರಣಕ್ಕೇ ಅದು ಗೋಡೆಯ ಮೇಲೆ ಕಾಣುವುದಿಲ್ಲ. ಪತ್ರ ನೋಡಿದ ಮೇಲೆ ಮೊಲದ ಎರಡೂ ಕಿವಿಗಳನ್ನು ಬೆಳಕಿಗೆ ಹಿಡಿದು ಒಳಗಿನ ಹಳ್ಳದವರೆಗೆ ನೋಡಿ, ಬೆನ್ನಿನ ತುಪ್ಪಳವನ್ನು ಬಾಚಿ ಕಪ್ಪು ಕಾಗದದ ಮೇಲೆ ಉದುರಿಸಿ. ಮನೆಗೆ ತಂದ ವಾರದೊಳಗೆ ಒಮ್ಮೆ ವೈದ್ಯರಲ್ಲಿಗೆ ಒಯ್ಯಿರಿ. ಅಲ್ಲಿ ಮೊದಲು ತಕ್ಕಡಿ ಹೊರಬರಬೇಕು, ಆಮೇಲೆ ಸಿರಿಂಜು. ಮೊಲವನ್ನು ತೂಗದೆ ಔಷಧ ಎಳೆಯುವ ವೈದ್ಯರು ನನ್ನ ಶಿಷ್ಯರೇ ಆಗಿದ್ದರೂ ಅವರ ಕೈಗೆ ಮೊಲವನ್ನು ಒಪ್ಪಿಸಬೇಡಿ.